ಗಂಡಭೇರುಂಡದ ಖಾಲಿ ಕೊಕ್ಕು

ವಸಂತಪುರದ ಮುಖ್ಯರಸ್ತೆ ಕನಕಪುರ ರಸ್ತೆಗೆ ಸೇರುವಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಂದೇ ಹಕ್ಕಿ ಹಲವು ಸಲ ಕಣ್ಣೆದುರು ಹಾದುಹೋಗುತ್ತದೆ. ಮಳವಳ್ಳಿಗೋ ಕೊಳ್ಳೇಗಾಲಕ್ಕೋ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ಅದು ಇದೆ. ನಾಡಕಚೇರಿಯಿಂದ ತಂದ ಜಾತಿ, ಆದಾಯ ಪ್ರಮಾಣಪತ್ರದ ನೆತ್ತಿಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರ ಪದವಿಪತ್ರದಲ್ಲಿದೆ. ನಮ್ಮ ನೌಕಾಪಡೆಯ 'ಐಎನ್‌ಎಸ್ ಮೈಸೂರು' ಹಡಗಿನ ಲಾಂಛನದಲ್ಲೂ ಇದೆ. ಇಷ್ಟು ಸಲ ಕಂಡರೂ ನಾವು ಅದನ್ನು ನೋಡಿದ್ದೇವೆಯೇ ಎಂದು ಕೇಳಿಕೊಂಡರೆ, ಹೌದೆನ್ನಲು ನಾಲಗೆ ತಡೆಯುತ್ತದೆ. ಒಂದು ಕವಿತೆಯ ಒಂದೊಂದು ಪದವನ್ನೂ ಹಿಂಜಿ ನೋಡುವ ನಾವು ದಿನಬೆಳಗಾದರೆ ಎದುರಾಗುವ ಈ ಚಿತ್ರವನ್ನು ಓದಬೇಕಾದ ಪಠ್ಯವೆಂದು ಬಗೆದೇ ಇಲ್ಲ. ಅದು ಸರ್ಕಾರದ್ದು, ಮುದ್ರೆ, ಕಾಗದ ಅಸಲಿ ಎನ್ನುವುದಕ್ಕೆ ಗುರುತು, ಅಲ್ಲಿಗೆ ಮುಗಿಯಿತು.

ಒಮ್ಮೆ ನಿಧಾನವಾಗಿ ಓದೋಣ. ಕರ್ನಾಟಕ ರಾಜ್ಯದ ಲಾಂಛನದ ನಡುವೆ ಒಂದು ಕೆಂಪು ಗುರಾಣಿ. ಅದರಲ್ಲಿ ರೆಕ್ಕೆ ಬಿಚ್ಚಿ ನಿಂತ ಎರಡು ತಲೆಯ ಬಿಳಿ ಹಕ್ಕಿ, ಗಂಡಭೇರುಂಡ. ಗುರಾಣಿಯ ಎಡಕ್ಕೂ ಬಲಕ್ಕೂ ಹಿಂಗಾಲ ಮೇಲೆ ಎದ್ದು ನಿಂತ ಎರಡು ಪ್ರಾಣಿಗಳು. ಅವುಗಳ ಮೈ ಸಿಂಹದ್ದು, ಬಣ್ಣ ಹಳದಿ, ಕೇಸರ ಕೆಂಪು, ಮುಖ ಮಾತ್ರ ಆನೆಯದು. ಇವನ್ನು ಶರಭಗಳೆಂದು ಕರೆಯುವುದು ರೂಢಿ. ಮೇಲೆ ಸಾರನಾಥದ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'. ಸಿಂಹಗಳೂ ಧ್ಯೇಯವಾಕ್ಯವೂ ಗಣರಾಜ್ಯದಿಂದ ಬಂದವು. ಹಕ್ಕಿಯೂ ಕಾವಲು ನಿಂತ ಜೋಡಿಯೂ ಮೈಸೂರು ಅರಸರ ಲಾಂಛನದಿಂದ ಬಂದವು. ಅರಸರ ಕಾಲದಲ್ಲಿ ಕೆಳಗಿದ್ದ ಮಾತು ತೈತ್ತಿರೀಯ ಉಪನಿಷತ್ತಿನದು, ಎಂದೂ ಹೆದರುವುದಿಲ್ಲ ಎಂಬ ಅರ್ಥದ್ದು. ಮೇಲ್ನೋಟಕ್ಕೆ ಇಷ್ಟೇ. ಆದರೆ ಈ ಪಾತ್ರಗಳೆಲ್ಲ ಇದಕ್ಕೂ ಮೊದಲು ಬೇರೆ ಬೇರೆ ಕಡೆ ಬಾಳಿ ಬಂದವು. ಅಲ್ಲಿ ಅವು ಏನು ಮಾಡುತ್ತಿದ್ದವು ಎಂಬುದನ್ನು ತಿಳಿದರೆ ಇಲ್ಲಿ ಏನು ಮಾಡುತ್ತಿವೆ ಎಂಬುದು ಬೇರೆಯಾಗಿ ಕಾಣಲು ತೊಡಗುತ್ತದೆ.

ಹೆಸರಿನಿಂದಲೇ ಶುರು ಮಾಡಬಹುದು. 'ಭೇರುಂಡ' ಎಂದರೆ ಭಯಂಕರ. 'ಗಂಡ' ಎಂಬುದು ಇಂದು ಮನೆಯ ಮಾತಿನಲ್ಲಿ ಪತಿ ಎಂಬ ಅರ್ಥಕ್ಕೆ ಇಳಿದು ಕೂತಿದೆ. ಶಾಸನಗಳ ಕಾಲದಲ್ಲಿ ಅದರ ಗತ್ತೇ ಬೇರೆ. ಹೊಯ್ಸಳರಿಗೆ 'ಮಲಪರೊಳ್ಗಂಡ' ಎಂಬ ಬಿರುದು, ವಿಜಯನಗರದ ಅರಸರಿಗೆ 'ಮೂರು ರಾಯರ ಗಂಡ' ಎಂಬ ಬಿರುದು. ಗಂಡ ಎಂದರೆ ಶೂರ, ಎದುರಾಳಿಯನ್ನು ಮೀರಿದವನು. ಯಾರಿಗೆ ಗಂಡ ಎಂದು ಹೇಳದೆ ಆ ಪದ ಪೂರ್ತಿಯಾಗುವುದಿಲ್ಲ, ಇನ್ನೊಬ್ಬ ಸೋತಿರಲೇಬೇಕು. ಹಾಗಾಗಿ ಗಂಡಭೇರುಂಡ ಎಂಬ ಹೆಸರಿನೊಳಗೇ ಒಂದು ಕಾಳಗ ಅಡಗಿದೆ. ಈ ಹಕ್ಕಿಯನ್ನು ಚಿತ್ರಿಸಿದ ಶಿಲ್ಪಿಗಳೂ ಟಂಕಸಾಲೆಯವರೂ ಬಹಳ ಕಾಲ ಆ ಕಾಳಗವನ್ನೇ ತೋರಿಸಿದರು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮನ ಊರೆಂದು ಹೆಸರಾದದ್ದು. ಅಲ್ಲಿ ಎತ್ತರದ ಒಂದು ಕಂಬದ ತುದಿಯಲ್ಲಿ ಗಂಡಭೇರುಂಡವಿದೆ. 1047ರಲ್ಲಿ, ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ್ದು. ಅದರ ಮೈ ಮನುಷ್ಯನದು, ಕೊರಳ ಮೇಲೆ ಎರಡು ಹಕ್ಕಿತಲೆ. ಲಾಂಛನದ ಚಪ್ಪಟೆ ಹಕ್ಕಿಯನ್ನು ನೋಡಿ ರೂಢಿಯಾದ ಕಣ್ಣಿಗೆ ಇದು ತಟ್ಟನೆ ಗುರುತಾಗುವುದಿಲ್ಲ. ಇಲ್ಲಿ ಅದು ಗುರುತಾಗುವ ಮೊದಲು ಒಬ್ಬ ಆಳು, ಒಂದು ವ್ಯಕ್ತಿತ್ವ. ಈ ಕಂಬದ ಕಾಲ ಮತ್ತು ಸ್ಥಳ ಎರಡನ್ನೂ ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಎರಡನೆಯ ನಿಲ್ದಾಣ ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಮದನಿಕೆಯರನ್ನು ನೋಡಲು ಹೋದವರು ಅದನ್ನು ದಾಟಿ ಹೋಗಿಬಿಡುವುದೇ ಹೆಚ್ಚು. ಒಂದು ಹಾವು ಸಣ್ಣ ಪ್ರಾಣಿಯೊಂದನ್ನು ನುಂಗುತ್ತಿದೆ. ಆ ಹಾವನ್ನು ಆನೆ ಹಿಡಿದಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ಹಿಡಿದಿದೆ. ಶರಭದ ಮೇಲೆ ಗಂಡಭೇರುಂಡ ಬಿದ್ದಿದೆ. ಒಂದರ ಬಾಯಿಗೆ ಇನ್ನೊಂದು ಎಂಬ ಈ ಸಾಲಿನ ಕೊನೆಯಲ್ಲಿ ಒಬ್ಬ ಮುನಿ ಬೆರಗಾಗಿ ನೋಡುತ್ತಾ ನಿಂತಿದ್ದಾನೆ.

ಈ ಶಿಲ್ಪವನ್ನು ಸಾಮಾನ್ಯವಾಗಿ ಬಲದ ಏಣಿಯೆಂದು ಓದುತ್ತಾರೆ: ಎಲ್ಲಕ್ಕಿಂತ ಮೇಲೆ ಗಂಡಭೇರುಂಡ, ಆದ್ದರಿಂದ ಅರಸನಿಗೆ ತಕ್ಕ ಗುರುತು. ಹಾಗೆ ಓದಿದರೆ ಮುನಿ ಅಲ್ಲಿ ಯಾಕಿದ್ದಾನೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಬಲವನ್ನು ಮೆರೆಸುವುದಷ್ಟೇ ಶಿಲ್ಪಿಯ ಉದ್ದೇಶವಾಗಿದ್ದರೆ ಹಕ್ಕಿಯೊಂದಿಗೆ ಸಾಲು ಮುಗಿಯಬಹುದಿತ್ತು. ಆತ ಒಬ್ಬ ನೋಡುವವನನ್ನು ಕೂಡಿಸಿದ. ತಿನ್ನದ, ತಿನ್ನಿಸಿಕೊಳ್ಳದ ಒಬ್ಬನೇ ಒಬ್ಬ ಅವನು. ಹಿಂಸೆ ಇಲ್ಲಿ ಕಣ್ಣಿಗೆ ಬಿದ್ದಿದೆ, ಪ್ರಶ್ನೆಯಾಗಿದೆ. ಹಾವಿನ ಬಾಯಲ್ಲಿರುವ ಆ ಸಣ್ಣ ಜೀವಕ್ಕೆ ಮೇಲೆ ಯಾರು ಗೆದ್ದರೂ ಒಂದೇ ಎಂಬುದು ಕೂಡ ಆ ಕಣ್ಣಿಗೆ ಕಂಡಿರಬೇಕು.

ಇನ್ನು ಶರಭದ ವಿಚಾರ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ, ಲೋಕ ನಡುಗಿತು, ಆಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಎಂಬುದು ಶೈವರ ಕಥೆ. ಹಾಗೆ ಬಂದ ಶರಭವನ್ನು ಎದುರಿಸಲು ವಿಷ್ಣು ಗಂಡಭೇರುಂಡನಾದ ಎಂಬುದು ವೈಷ್ಣವರ ಮರುಮಾತು. ಚೋಳ ನಾಡಿನ ದಾರಾಸುರದಲ್ಲಿ, ಬೇಲೂರಿನ ದೇವಾಲಯ ಎದ್ದ ಅದೇ 12ನೇ ಶತಮಾನದ ಐರಾವತೇಶ್ವರ ಗುಡಿಯಲ್ಲಿ, ಶರಭ ನರಸಿಂಹನನ್ನು ಮಣಿಸುವ ಶಿಲ್ಪವಿದೆ. ಬೇಲೂರಿನಲ್ಲಿ ಶರಭನೇ ಮಣಿಯುತ್ತಾನೆ. ಎರಡು ಕಲ್ಲುಗಳು ದೂರದಿಂದಲೇ ವಾದಕ್ಕೆ ನಿಂತ ಹಾಗಿದೆ. ನಿನ್ನ ದೇವರಿಗಿಂತ ನನ್ನ ದೇವರ ಉಗುರು ಉದ್ದ ಎನ್ನುವ ಈ ಜಗಳಕ್ಕೆ ಕೊನೆಯಿಲ್ಲ. ಇದಕ್ಕೂ ಒಂದು ತಲೆ ಹೆಚ್ಚಿನ ಪ್ರಾಣಿಯನ್ನು ಮತ್ತೊಬ್ಬ ಕಲ್ಪಿಸಬಲ್ಲ.

ಮೂರನೆಯದು ವಿಜಯನಗರದ ನಾಣ್ಯ. ಅಚ್ಯುತರಾಯ 1529ರಿಂದ 1542ರವರೆಗೆ ಆಳಿದವನು. ಅವನ ಚಿನ್ನದ ನಾಣ್ಯಗಳ ಮೇಲೆ ಗಂಡಭೇರುಂಡವಿದೆ. ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಉಗುರಿನ ಗಾತ್ರದ ನಾಣ್ಯದಲ್ಲಿ ಆನೆ ಇಲಿಮರಿಯಷ್ಟಾಗಿ ಕಾಣುತ್ತದೆ. ಹಕ್ಕಿ ಎಷ್ಟು ದೊಡ್ಡದು ಎಂದು ಹೇಳಲು ಇದಕ್ಕಿಂತ ಚುರುಕಾದ ದಾರಿಯಿಲ್ಲ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲೂ ಗಂಡಭೇರುಂಡವಿದೆ. ಗಮನಿಸಿ, ಅದು ಶಿವನ ಗುಡಿ. ವಿಷ್ಣುವಿನ ಕಡೆಯ ಹಕ್ಕಿ ಅಷ್ಟುಹೊತ್ತಿಗೆ ಶಿವನ ಮನೆಯ ಚಾವಣಿಯಲ್ಲಿ ಗೂಡು ಕಟ್ಟಿಕೊಂಡಿತ್ತು. ಮತದ ಜಗಳದಲ್ಲಿ ಹುಟ್ಟಿದ ಚಿತ್ರ ಮತದಿಂದ ಹೊರಗೆ ಬಂದು ನಾಡಿನ ಚಿತ್ರವಾಗತೊಡಗಿತ್ತು.

ಈಗ ಲಾಂಛನಕ್ಕೆ ಮರಳೋಣ. ಗುರಾಣಿಯ ಹಕ್ಕಿಯ ಕೊಕ್ಕು ನೋಡಿ, ಖಾಲಿ. ಉಗುರು ನೋಡಿ, ಅದೂ ಖಾಲಿ. ನಾಣ್ಯದಲ್ಲಿ ಕಚ್ಚಿಕೊಂಡಿದ್ದ ಆನೆಗಳು ಎಲ್ಲಿ ಹೋದವು? ಬೇಲೂರಿನಲ್ಲಿ ಹಿಡಿದಿದ್ದ ಶರಭ ಎಲ್ಲಿ ಹೋಯಿತು? ಎರಡೂ ಪಕ್ಕದಲ್ಲೇ ನಿಂತಿವೆ. ಆನೆಯ ಮುಖ ಹೊತ್ತು, ಶರಭವೆಂಬ ಹೆಸರು ಹೊತ್ತು, ತಮ್ಮನ್ನು ತಿನ್ನುತ್ತಿದ್ದ ಹಕ್ಕಿಯ ಗುರಾಣಿಗೇ ಕೈಕೊಟ್ಟು ನಿಂತಿವೆ. ಹಳೆಯ ಚಿತ್ರಗಳಲ್ಲಿ ತುತ್ತಾಗಿದ್ದವರು ಇಲ್ಲಿ ಕಾವಲಿನವರು. ನನ್ನ ಮಟ್ಟಿಗೆ ಈ ಲಾಂಛನದ ತಿರುಳೆಲ್ಲ ಇರುವುದು ಈ ಸ್ಥಾನಪಲ್ಲಟದಲ್ಲಿ.

ಕಾವಲಿನ ಪ್ರಾಣಿಗಳನ್ನು ಇನ್ನೂ ಹತ್ತಿರದಿಂದ ನೋಡಿದರೆ ಮತ್ತೊಂದು ಸಂಗತಿ ಕಾಣುತ್ತದೆ. ಪುರಾಣದ ಶರಭಕ್ಕೆ ಎಂಟು ಕಾಲು, ಹಲವು ಕಡೆ ರೆಕ್ಕೆಯೂ ಉಂಟು. ಇವಕ್ಕೆ ನಾಲ್ಕೇ ಕಾಲು, ರೆಕ್ಕೆಯಿಲ್ಲ. ರೂಪದಿಂದ ಹೇಳುವುದಾದರೆ ಇವು ನಮ್ಮ ದೇವಾಲಯಗಳ ಕಂಬಗಳಲ್ಲಿ ಕಾಣುವ ಗಜಕೇಸರಿಗೆ, ಯಾಳಿಗೆ ಹತ್ತಿರ. ಹೆಸರು ಒಂದು, ರೂಪ ಇನ್ನೊಂದು. ಇದನ್ನು ತಪ್ಪೆಂದು ತಳ್ಳಿಹಾಕಬೇಕಿಲ್ಲ. ಕಾವ್ಯಗಳಲ್ಲಿ ಸಿಂಹ ಮತ್ತು ಆನೆ ಹುಟ್ಟುಹಗೆಗಳು. ಮದಗಜದ ಕುಂಭಸ್ಥಳವನ್ನು ಸಿಂಹ ಸೀಳದೆ ವೀರರಸದ ವರ್ಣನೆ ಮುಗಿಯುವುದೇ ಇಲ್ಲ. ಇಲ್ಲಿ ಆ ಹಗೆಗಳೆರಡೂ ಒಂದೇ ಮೈಯಲ್ಲಿವೆ. ಅಂದರೆ ಬೇಲೂರಿನ ಸಾಲಿನ ಆನೆ, ಸಿಂಹ, ಶರಭ ಮೂರೂ ಒಂದೇ ಪ್ರಾಣಿಯಾಗಿ ಮಡಚಿಕೊಂಡು, ನಾಲ್ಕನೆಯದಾದ ಗಂಡಭೇರುಂಡದ ಪಕ್ಕ ನಿಂತಿವೆ. ಬೇಲೂರಿನಲ್ಲಿ ಓಡುತ್ತಿದ್ದ ಹಿಂಸೆಯ ಸಾಲು ಇಲ್ಲಿ ತಡೆದು ನಿಂತಿದೆ. ಬಲ ಕರಗಿಲ್ಲ, ಬಾಯಿ ಮುಚ್ಚಿದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಬರಬೇಕಾದ ಆಕ್ಷೇಪವೇ. ನಡುವೆ ಗುರಾಣಿ, ಎರಡು ಪಕ್ಕ ಪ್ರಾಣಿ, ಮೇಲೊಂದು ಮುಕುಟ, ಕೆಳಗೊಂದು ಧ್ಯೇಯವಾಕ್ಯ. ಈ ಮಾದರಿ ಯುರೋಪಿನದು. 1877ರ ದೆಹಲಿ ದರ್ಬಾರಿನಲ್ಲಿ ವೈಸ್‌ರಾಯ್ ಲಿಟ್ಟನ್ ದೇಶೀ ಅರಸರಿಗೆ ಇದೇ ಮಾದರಿಯ ಲಾಂಛನ ಬರೆಸಿದ ಧ್ವಜಗಳನ್ನು ಹಂಚಿದ. ಅವುಗಳನ್ನು ರೂಪಿಸಿದವನು ಬಂಗಾಳದ ನಾಗರಿಕ ಸೇವೆಯಲ್ಲಿದ್ದ ರಾಬರ್ಟ್ ಟೇಲರ್ ಎಂಬ ಅಧಿಕಾರಿ. ಆ ಕಾಲದಲ್ಲಿ ಹಲವು ಸಂಸ್ಥಾನಗಳ ಹುಲಿ, ಆನೆ, ನವಿಲುಗಳು ಗುರಾಣಿಯ ಎರಡು ಬದಿಗೆ ಬಂದು ನಿಂತವು. ಹಾಗಿರುವಾಗ ಶರಭ ಕಾವಲು ನಿಂತದ್ದು ಚೌಕಟ್ಟಿನ ಒತ್ತಾಯವೇ ಹೊರತು ಅದರಲ್ಲಿ ಅಹಿಂಸೆಯ ಮಾತೆಲ್ಲಿ ಬಂತು ಎಂದು ಕೇಳಬಹುದು.

ಒಪ್ಪುತ್ತೇನೆ. ಲಾಂಛನ ಬರೆದವರ ಮನಸ್ಸಿನಲ್ಲಿ ಬೇಲೂರಿನ ಶಿಲ್ಪವಿತ್ತೆಂದು ನಾನು ವಾದಿಸುತ್ತಿಲ್ಲ. ಆದರೆ ಷಟ್ಪದಿಯ ಚೌಕಟ್ಟಿಗೆ ಬಂದು ಕೂತ ಕಥೆ ಷಟ್ಪದಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಿರುವುದಿಲ್ಲ. ತನ್ನ ಹಳೆಯ ನೆನಪನ್ನೂ ಜೊತೆಗೆ ತರುತ್ತದೆ. ಹೊರಗಿನ ಚೌಕಟ್ಟು ಎರಡು ಕಾವಲು ಪ್ರಾಣಿಗಳನ್ನು ಕೇಳಿತು. ಕೇಳಿದಾಗ ಈ ನಾಡು ಕೊಟ್ಟದ್ದು ಗಂಡಭೇರುಂಡದ ಹಳೆಯ ಎದುರಾಳಿಯನ್ನು. ಈ ಹೆಸರನ್ನು ಬಲ್ಲ ಓದುಗನಿಗೆ ಅರ್ಥ ಅಲ್ಲಿಂದ ಹುಟ್ಟುತ್ತದೆ, ಬರೆದವನ ಅನುಮತಿಗೆ ಕಾಯುವುದಿಲ್ಲ. ಪಶ್ಚಿಮದ ಎರಡು ತಲೆಯ ಹದ್ದಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ಇನ್ನೂ ನಿಚ್ಚಳ. ಬೈಜಾಂಟಿಯಂ, ರಷ್ಯ, ಜರ್ಮನ್ ಚಕ್ರವರ್ತಿಗಳ ಹದ್ದು ಎರಡು ದಿಕ್ಕಿನ ಒಡೆತನವನ್ನು ಸಾರುತ್ತದೆ. ರಷ್ಯದ ಹದ್ದಿನ ಉಗುರಿನಲ್ಲಿ ರಾಜದಂಡವೂ ಗೋಳವೂ ಇವೆ. ನಮ್ಮ ಹಕ್ಕಿಯ ಹಿಂದಿನ ಕಥೆ ದಿಕ್ಕುಗಳದ್ದಲ್ಲ, ತುತ್ತಿನದು. ಆದ್ದರಿಂದಲೇ ಅದರ ಖಾಲಿ ಕೊಕ್ಕಿಗೆ ಬೆಲೆ.

ಎರಡನೆಯ ಆಕ್ಷೇಪ ಇದಕ್ಕಿಂತ ಬಿಸಿಯದು. ಇದು ಮೈಸೂರು ಅರಸರ ಗುರುತಲ್ಲವೇ? 1956ರ ನವೆಂಬರ್ 1ರಂದು ಒಂದಾದದ್ದು ಮೈಸೂರು ಮಾತ್ರವಲ್ಲ. ಮುಂಬೈ ಪ್ರಾಂತದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ. ಹೈದರಾಬಾದಿನ ಕಲಬುರಗಿ, ಬೀದರ್, ರಾಯಚೂರು. ಮದರಾಸಿನ ದಕ್ಷಿಣ ಕನ್ನಡ. ತನ್ನದೇ ರಾಜ್ಯವಾಗಿದ್ದ ಕೊಡಗು. 'ಮೈಸೂರು' ಎಂಬ ಹೆಸರು ನಮ್ಮೆಲ್ಲರದ್ದಲ್ಲ ಎಂದು ವರ್ಷಗಟ್ಟಲೆ ಕೇಳಿ, 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಹೆಸರು ಬದಲಾಯಿತು, ಹಕ್ಕಿ ಉಳಿಯಿತು. ಬೀದರಿನ ವಿದ್ಯಾರ್ಥಿ ತನ್ನ ಪ್ರಮಾಣಪತ್ರದ ಮೇಲೆ ಒಡೆಯರ ಹಕ್ಕಿಯನ್ನೇ ಯಾಕೆ ಹೊರಬೇಕು?

ಇಲ್ಲಿ ಜರ್ಮನಿಯ ಜಿಲ್ಲೆಗಳ ರೂಢಿ ನೆನಪಾಗುತ್ತದೆ. ಅಲ್ಲಿ ಒಂದೊಂದು ಜಿಲ್ಲೆಗೂ ತನ್ನದೇ ಲಾಂಛನವಿದೆ. ನಮ್ಮ ಹೆಸರು ಬದಲಾದ ಅದೇ 1973ರ ಜನವರಿ 1ರಂದು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ತನ್ನ ಜಿಲ್ಲೆಗಳನ್ನು ಮರುವಿಂಗಡಿಸಿತು. ಆ ದಶಕದ ಆಸುಪಾಸಿನಲ್ಲಿ ಬೇರೆ ರಾಜ್ಯಗಳೂ ಹಾಗೆ ಮಾಡಿದವು. ಬೇರೆ ಬೇರೆ ಧಣಿಗಳ ಕೈಕೆಳಗಿದ್ದ ಊರುಗಳು ಒಂದು ಜಿಲ್ಲೆಯಾದಾಗ ಗುರಾಣಿಯನ್ನು ಭಾಗ ಮಾಡಿ ಒಂದರಲ್ಲಿ ಪಾಲಟಿನೇಟಿನ ಸಿಂಹ, ಇನ್ನೊಂದರಲ್ಲಿ ಮೈಂಜ್ ಆರ್ಚ್‌ಬಿಷಪ್‌ನ ಚಕ್ರ, ಮತ್ತೊಂದರಲ್ಲಿ ಟ್ರಿಯರ್‌ನ ಶಿಲುಬೆ ಎಂದು ಬರೆಯುವುದು ಅಲ್ಲಿನ ಪದ್ಧತಿ. ಗುರಾಣಿಯನ್ನು ಓದಿದರೆ ಯಾವ ಊರು ಯಾರ ಕೈಯಲ್ಲಿತ್ತು ಎಂಬುದು ತಿಳಿಯುತ್ತದೆ. ಅದು ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ. ಯಾರಿಗೂ ಅನ್ಯಾಯವಿಲ್ಲ, ಆದರೆ ಮನೆ ಒಂದೇ ಎಂದು ಹೇಳುವುದಕ್ಕೂ ಅಲ್ಲಿ ಜಾಗವಿಲ್ಲ. ನಮ್ಮ ಕುವೆಂಪು ಅವರ ನಾಡಗೀತೆ ಆಚಾರ್ಯರನ್ನೂ ಬಸವೇಶ್ವರನನ್ನೂ ತೈಲಪ, ಹೊಯ್ಸಳರನ್ನೂ ಒಂದೇ ಉಸಿರಿನಲ್ಲಿ ಕರೆದು ಕೂರಿಸುತ್ತದೆ. ಹಾಡಿಗೆ ಅಷ್ಟು ಉಸಿರಿದೆ. ಚಿತ್ರಕ್ಕೆ ಇಲ್ಲ, ಅದು ಒಂದನ್ನು ಆರಿಸಲೇಬೇಕು.

ಆರಿಸಿದ್ದು ಮೈಸೂರಿನದೆಂಬ ಮಾತಿಗೆ ಬಳ್ಳಿಗಾವಿಯ ಕಂಬ ಉತ್ತರ ಕೊಡುತ್ತದೆ. 1047ರಲ್ಲಿ ಆ ಕಂಬ ನಿಂತಾಗ ನಾಡಿನ ರಾಜಧಾನಿ ಕಲ್ಯಾಣ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಒಡೆಯರ ಮನೆತನ ಹುಟ್ಟಲು ಆಗ ಇನ್ನೂ ಶತಮಾನಗಳಿದ್ದವು. ಹಕ್ಕಿ ಕಲ್ಯಾಣದ ಆಳ್ವಿಕೆಯಲ್ಲಿ ಬನವಾಸಿಯಲ್ಲಿ ಕೂತಿತು, ಹೊಯ್ಸಳರ ಬೇಲೂರಿಗೆ ಬಂತು, ತುಂಗಭದ್ರೆಯ ದಂಡೆಯ ಟಂಕಸಾಲೆಗೆ ಹೋಯಿತು, ಮಲೆನಾಡಿನ ಕೆಳದಿಯಲ್ಲಿ ಗೂಡು ಕಟ್ಟಿತು, ಆಮೇಲೆ ಮೈಸೂರಿಗೆ ಬಂತು. ಒಡೆಯರು ಅದನ್ನು ಹೆತ್ತವರಲ್ಲ, ಕೊನೆಗೆ ಸಾಕಿದವರು. ಬೀದರಿನ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದ್ದೇ ಇದೆ; ಆದರೆ ಆ ಹಕ್ಕಿಯ ಮೇಲೆ ಅವನ ಹಕ್ಕು ಮೈಸೂರಿನವನಿಗಿಂತ ಹಳೆಯದು ಎಂಬುದೂ ಅವನಿಗೆ ಗೊತ್ತಿರಬೇಕು. ಯಾರೂ ಅದನ್ನು ಅವನಿಗೆ ಹೇಳಿಕೊಡಲಿಲ್ಲ ಎಂಬುದೇ ನಿಜವಾದ ದೂರು.

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಒಂದು ನಾಡಧ್ವಜವನ್ನು ಮುಂದಿಟ್ಟಿತು. ಮ. ರಾಮಮೂರ್ತಿಯವರ ಕಾಲದಿಂದ ಜನ ಹಾರಿಸುತ್ತ ಬಂದ ಬಾವುಟದ ಹಳದಿ, ಕೆಂಪುಗಳ ನಡುವೆ ಬಿಳಿಯ ಪಟ್ಟಿ, ಅದರಲ್ಲಿ ಈ ಲಾಂಛನ. ಆಗ ಚರ್ಚೆಯೆಲ್ಲ ನಡೆದದ್ದು ರಾಜ್ಯಕ್ಕೆ ಧ್ವಜ ಬೇಕೇ, ಕೇಂದ್ರ ಒಪ್ಪುತ್ತದೆಯೇ, ಬಿಳಿಪಟ್ಟಿ ಯಾಕೆ ಎಂಬುದರ ಸುತ್ತ. ನಡುವೆ ಬಂದು ಕೂತ ಹಕ್ಕಿ ಏನು ಹೇಳುತ್ತದೆ ಎಂಬ ಮಾತು ಹಿಂದೆ ಸರಿಯಿತು. ಬಾವುಟಕ್ಕಾಗಿ ಬೀದಿಗಿಳಿಯಬಲ್ಲ ನಮಗೆ ಅದರ ಚಿತ್ರವನ್ನು ಓದುವ ತಾಳ್ಮೆ ಇರಲಿಲ್ಲ. ಓದದ ಗುರುತು ಬಲು ಬೇಗ ಬರೀ ಗತ್ತಾಗುತ್ತದೆ. ಕಾರಿನ ಹಿಂಬದಿಯ ಸ್ಟಿಕರಿನಲ್ಲಿ, ಅಂಗಿಯ ಎದೆಯ ಮೇಲೆ ಗಂಡಭೇರುಂಡ ಮತ್ತೆ ಉಗುರು ಕೆದರಿ, ಕೊಕ್ಕು ತೆರೆದು ಕಾಣಿಸಿಕೊಳ್ಳುವುದನ್ನು ನೋಡಿದರೆ ಶತಮಾನಗಳ ನಡಿಗೆ ಹಿಂದಕ್ಕೆ ಹೊರಟಿದೆಯೇ ಎನ್ನಿಸುತ್ತದೆ.

ಎರಡು ತಲೆಯ ಹಕ್ಕಿಯ ಇನ್ನೊಂದು ಕಥೆ ಪಂಚತಂತ್ರದಲ್ಲಿದೆ. ಭಾರುಂಡವೆಂಬ ಹಕ್ಕಿಗೆ ತಲೆ ಎರಡು, ಹೊಟ್ಟೆ ಒಂದು. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ತನಗೂ ಕೊಡೆಂದಿತು. ಹೇಗೂ ಹೋಗುವುದು ಒಂದೇ ಹೊಟ್ಟೆಗಲ್ಲವೇ ಎಂದು ಮೊದಲನೆಯದು ಕೊಡಲಿಲ್ಲ. ರೋಸಿಹೋದ ಎರಡನೆಯ ತಲೆ ಒಂದು ದಿನ ವಿಷದ ಹಣ್ಣು ತಿಂದಿತು; ಹಕ್ಕಿ ಸತ್ತಿತು. ಗಂಡಭೇರುಂಡದ ವೀರಗಾಥೆಗಳ ಪಕ್ಕದಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ. ಆದರೆ ಒಂದಾದ ನಾಡಿಗೆ ಇದಕ್ಕಿಂತ ತಕ್ಕ ಎಚ್ಚರಿಕೆ ಬೇರೆ ಇದೆಯೇ? ಒಂದೇ ಖಜಾನೆ, ಒಂದೇ ಹೊಟ್ಟೆ ಎಂಬ ಮಾತನ್ನು ಹೇಳುವವರು ಯಾವಾಗಲೂ ಹಣ್ಣು ಸಿಕ್ಕ ತಲೆಯವರೇ. ಹೈದರಾಬಾದ್ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದದ್ದು ಏಕೀಕರಣವಾಗಿ ಅರ್ಧ ಶತಮಾನ ಕಳೆದ ಮೇಲೆ. ರುಚಿ ನೋಡುವ ಹಕ್ಕು ಎರಡು ಬಾಯಿಗೂ ಬೇಕು ಎಂಬ ಸಣ್ಣ ಸತ್ಯ ನಮ್ಮ ಲಾಂಛನದಲ್ಲೇ ಬರೆದಿತ್ತು. ಓದಲು ಅಷ್ಟು ಕಾಲ ಬೇಕಾಯಿತು.

ವಸಂತಪುರದ ಗುಡ್ಡದ ಮೇಲಿರುವುದು ವಸಂತವಲ್ಲಭರಾಯ, ವಿಷ್ಣು. ಬೆಳಿಗ್ಗೆ ಅವನಿಗೆ ಕೈಮುಗಿದವರೇ ಸಂಜೆ ಪ್ರದೋಷಕ್ಕೆ ಗವಿಪುರದ ಗಂಗಾಧರೇಶ್ವರನ ಗುಡಿಗೆ ಹೋಗುತ್ತಾರೆ. ಶರಭ ಗೆದ್ದನೋ ಗಂಡಭೇರುಂಡ ಗೆದ್ದನೋ ಎಂದು ಅವರು ವಿಚಾರಿಸುವುದಿಲ್ಲ. ಜನ ತಮ್ಮ ಬದುಕಿನಲ್ಲಿ ಎಂದೋ ಮುಗಿಸಿಕೊಂಡ ಜಗಳವನ್ನೇ ಲಾಂಛನವೂ ಮುಗಿಸಿದೆ.

ಆದರೂ ಅದರಲ್ಲಿ ಇಬ್ಬರು ಕಾಣೆಯಾಗಿದ್ದಾರೆ. ಬೇಲೂರಿನಲ್ಲಿ ಹಾವಿನ ಬಾಯಲ್ಲಿದ್ದ ಆ ಸಣ್ಣ ಪ್ರಾಣಿ ಇಲ್ಲಿಲ್ಲ. ಬೆರಗಾಗಿ ನೋಡುತ್ತಿದ್ದ ಮುನಿಯೂ ಇಲ್ಲ. ಕೌಂಟರಿನ ಮುಂದೆ ಟೋಕನ್ ಹಿಡಿದು ನಿಂತವರನ್ನು ನೋಡಿದಾಗ ಮೊದಲನೆಯದು ಎಲ್ಲಿದೆಯೆಂದು ಊಹಿಸಬಹುದು. ಮುನಿಯ ಜಾಗ ಮಾತ್ರ ಖಾಲಿಯೇ ಇದೆ. ಪ್ರಮಾಣಪತ್ರ ಕೈಗೆ ಬಂದಾಗ ಹೆಸರು, ಹುಟ್ಟಿದ ದಿನಾಂಕ ಸರಿಯಿದೆಯೇ ಎಂದು ನೋಡುತ್ತೇವಲ್ಲ, ಆಗ ಕಣ್ಣನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎತ್ತಿ, ಕೊಕ್ಕು ಇನ್ನೂ ಖಾಲಿಯಿದೆಯೇ ಎಂದೂ ಒಮ್ಮೆ ನೋಡಬೇಕು.